ತೊಗಲು ಮುಟ್ಟಿದ ಕೈ

ಈ ಕೆಲಸಕ್ಕೆ ಬರುವವರು ಮೊದಲು ಮೂಗನ್ನು ಪಳಗಿಸಿಕೊಳ್ಳಬೇಕು. ಸೂಜಿ, ಕತ್ತರಿ ಎಲ್ಲ ಆಮೇಲೆ. ಒಂದು ಸೀಸನ್ ಪೂರ್ತಿ ಆಡಿದ ಕ್ರಿಕೆಟ್ ಗ್ಲೌಸಿನ ಹೊಲಿಗೆ ಬಿಚ್ಚಿದಾಗ ಬರುವ ವಾಸನೆಗೆ ಯಾವ ಭಾಷೆಯಲ್ಲೂ ಹೆಸರಿಲ್ಲ. ಬೆವರು, ಮಣ್ಣು, ಹಳೆಯ ತೊಗಲು, ಮಳೆಯಲ್ಲಿ ನೆಂದು ಬ್ಯಾಗಿನಲ್ಲೇ ಒಣಗಿದ ಹತ್ತಿ, ಎಲ್ಲ ಒಟ್ಟಿಗೆ ಮೇಲೇಳುತ್ತವೆ. ನನ್ನ ಹತ್ತಿರ ಕಲಿಯಲು ಬಂದ ಎಷ್ಟೋ ಹೆಣ್ಣುಮಕ್ಕಳು ಮೊದಲ ದಿನವೇ ಸೆರಗು ಮೂಗಿಗೆ ಹಿಡಿದು ಎದ್ದು ಹೋದರು. ಅವರೆಲ್ಲ ಈಗ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕಾಲರ್ ಹೊಲಿಯುತ್ತಿದ್ದಾರೆ. ಅವರದು ತಪ್ಪು ಅನ್ನುವುದಿಲ್ಲ. ಅಲ್ಲಿ ಹೊಸ ಬಟ್ಟೆಯ ವಾಸನೆ ಇರುತ್ತದೆ, ತಿಂಗಳು ಮುಗಿದರೆ ಸಂಬಳ ಬರುತ್ತದೆ, ಮುಖ್ಯವಾಗಿ ನೀವು ಮುಟ್ಟಿದ್ದನ್ನು ನೋಡಿ ನೆಂಟರು ಮೂಗು ಮುರಿಯುವುದಿಲ್ಲ.

ನಾನು ಸರೋಜ. ತವರು ನೆಗಮಂ, ಸೇರಿದ್ದು ಕೊಯಮತ್ತೂರಿನ ಸಿಂಗಾನಲ್ಲೂರಿಗೆ, ನಮ್ಮ ನೇಕಾರರ ಬೀದಿಗೆ. ಕ್ರಿಕೆಟ್ ಪ್ಯಾಡು, ಗ್ಲೌಸು, ಹೆಲ್ಮೆಟ್ಟು, ಹಾಕಿ ಗೋಲಿಯ ಕಾಲುಗಾಪು, ಬಾಕ್ಸಿಂಗ್ ಗ್ಲೌಸು, ಕಬಡ್ಡಿಯವರ ಮೊಣಕಾಲು ಪಟ್ಟಿ, ಇವನ್ನೆಲ್ಲ ಮನೆಯಲ್ಲೇ ಕೂತು ರಿಪೇರಿ ಮಾಡಿ, ಅಳತೆ ಬದಲಿಸಿ ಬದುಕಿದವಳು. ಬೆರಳು ಮಡಚಲಾಗದೆ ಹೋದಾಗ ಬಿಟ್ಟೆ. ನನಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರದೂ ಅದೇ ಕತೆ, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನ ಸೊಸೆ ಚಾಮರಾಜನಗರದ ಕಡೆಯವಳು. ನಾನು ಹೇಳಿದ್ದನ್ನು ತಿದ್ದಿ ಬರೆದಿರುವುದು ಅವಳು. ಬೈಗುಳ ಮಾತ್ರ ತೆಗೆದುಹಾಕಿದ್ದಾಳೆ.

ಬೀದಿಯ ಇಬ್ಬರು ಹುಡುಗಿಯರು ನನ್ನ ಹೊಲಿಗೆ ಮಿಷಿನ್ ತೆಗೆದುಕೊಂಡು ಇದೇ ಕೆಲಸ ಶುರು ಮಾಡಿದ್ದಾರೆ. "ಅತ್ತೆ, ಏನೇನು ಕಷ್ಟ ಇರುತ್ತೆ, ಮೊದಲೇ ಹೇಳಿಬಿಡಿ," ಎಂದು ಕೇಳಿದರು. ಅದಕ್ಕೇ ಇದು. ಸೂಜಿ ಚುಚ್ಚುವ ಕಷ್ಟ ಸ್ವಲ್ಪ, ಜನ ಚುಚ್ಚುವ ಕಷ್ಟ ಹೆಚ್ಚು. ಎರಡನ್ನೂ ಹೇಳುತ್ತೇನೆ.

ನಮ್ಮವರು, ಅಂದರೆ ನನ್ನ ಗಂಡ, ಗುಣಿಮಗ್ಗದಲ್ಲಿ, ನಡುಮನೆಯ ನೆಲದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಸೀರೆ ನೇಯುತ್ತಿದ್ದರು. ಕೈಮಗ್ಗದ ಸೀರೆ ಕೇಳುವವರು ಇಲ್ಲವಾದಾಗ ಮಗ್ಗ ನಿಂತಿತು, ಅವರು ಪಲ್ಲಡಂ ಕಡೆಯ ಪವರ್‌ಲೂಮಿಗೆ ಹೋಗತೊಡಗಿದರು. ಮಗ ಆಗ ಚಿಕ್ಕವನು. ನಾನು ರವಿಕೆ ಹೊಲಿಯುತ್ತಿದ್ದೆ. ಒಂದು ದಿನ ಆಟದ ಸಾಮಾನಿನ ಅಂಗಡಿಯ ಮುರುಗೇಶಣ್ಣ ಬೀದಿಯಲ್ಲಿ ಯಾರಾದರೂ ದಪ್ಪ ಬಟ್ಟೆ ಹೊಲಿಯುವವರು ಇದ್ದಾರಾ ಎಂದು ಕೇಳಿಕೊಂಡು ಬಂದ. ಅವನ ಸ್ಕೂಟರಿನ ಹಿಂದೆ ಹರಿದ ಪ್ಯಾಡುಗಳ ಮೂಟೆ. ಯಾವುದೋ ಕಾಲೇಜಿನವು. ಒಳಗಿನ ಬೆತ್ತ ಮುರಿದು ಹೊರಗೆ ಇಣುಕುತ್ತಿತ್ತು, ಬೂರುಗದ ಹತ್ತಿ ಗಂಟುಗಂಟಾಗಿ ಕೆಳಗೆ ಇಳಿದಿತ್ತು.

"ಅಕ್ಕಾ, ಇದನ್ನ ಹೊಲಿಯಕ್ಕೆ ಆಗುಮಾ?" ಎಂದ.

"ಆಗದೆ ಏನು, ಇದೂ ಬಟ್ಟೆ ತಾನೇ," ಎಂದೆ. ಅಲ್ಲಿಂದ ಶುರು.

ಮೊದಲ ಸಲವೇ ಮರ್ಯಾದೆ ಕಳೆದುಕೊಂಡೆ. ಬೆತ್ತ ಬದಲಿಸಿದೆ, ಹತ್ತಿ ಸಾಲದಿದ್ದುದಕ್ಕೆ ತಿರುಪ್ಪೂರಿನ ಬನಿಯನ್ ಚೂರುಗಳನ್ನು ಬಿಡಿಸಿ ತುಂಬಿದೆ, ಹೊಲಿಗೆ ಚೆನ್ನಾಗಿ ಬಂತು. ಆದರೆ ಮೇಲಿನ ಕ್ಯಾನ್ವಾಸು ತೊಳೆದ ಮೇಲೆ ಸೊಪ್ಪಾಗಿ ಬಿದ್ದುಕೊಂಡಿತ್ತು. ನಾವು ಹುಟ್ಟಿದಾರಭ್ಯ ಕಂಡಿರುವ ಮದ್ದು ಒಂದೇ. ನೂಲು ಸೊಪ್ಪಾದರೆ ಗಂಜಿ ಹಾಕು. ಮಗ್ಗದ ಹಾಸಿನ ನೂಲಿಗೆ ಹಾಕುವ ಹಾಗೆಯೇ ಅಕ್ಕಿಗಂಜಿಯನ್ನು ತೆಳ್ಳಗೆ ಕಾಯಿಸಿ, ಬ್ರಷ್ಷಿನಲ್ಲಿ ಎಳೆದು, ಬೀದಿಯಲ್ಲಿ ಸಾಲಾಗಿ ಒಣಹಾಕಿದೆ. ಪ್ಯಾಡುಗಳು ಹೊಸದಾಗಿ ಅಂಗಡಿಯಿಂದ ಇಳಿದ ಹಾಗೆ ಸೆಟೆದು ನಿಂತವು. ಮುರುಗೇಶಣ್ಣ ತಟ್ಟಿ ನೋಡಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಮ್ಯಾಚಿನ ದಿನ ಬೆಳಗಿನ ಇಬ್ಬನಿಗೆ ಗಂಜಿ ಅಂಟಂಟಾಯಿತು. ಪ್ಯಾಡನ್ನು ಹುಲ್ಲಿನ ಮೇಲೆ ಇಟ್ಟಿದ್ದರಂತೆ. ಅಕ್ಕಿಯ ವಾಸನೆ ಇರುವೆಗಳಿಗೆ ಬಿಡಿಸಿ ಹೇಳಬೇಕೆ. ಆರಂಭದ ಆಟಗಾರ ಎರಡನೇ ರನ್ನಿಗೆ ಓಡುತ್ತಾ ಓಡುತ್ತಾ ಬ್ಯಾಟು ಎಸೆದು ಪ್ಯಾಂಟಿನೊಳಗೆ ಕೈ ಹಾಕಿಕೊಂಡು ಕುಣಿದ. ರನ್ ಔಟು. ಮುರುಗೇಶಣ್ಣ ಬಂದು ನಡೆದದ್ದನ್ನು ಹೇಳಿ ಪ್ಯಾಡುಗಳನ್ನು ಜಗಲಿಯ ಮೇಲೆ ಇಟ್ಟ. ನಮ್ಮವರು ಮಾತ್ರ ಆ ಕತೆ ಕೇಳಿ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಎಲ್ಲವನ್ನೂ ತೊಳೆಯುತ್ತಾ ನಕ್ಕೆ. ನಾವಿಬ್ಬರೂ ಅಷ್ಟು ನಕ್ಕಿದ್ದು ಆಮೇಲೆ ನೆನಪಿಲ್ಲ.

ಏಕೆಂದರೆ ಅದಾದ ಮೇಲೆ ಗ್ಲೌಸು ಬಂತು. ಗ್ಲೌಸಿನ ಅಂಗೈ ತೊಗಲು. ಬ್ಯಾಟಿನ ಹಿಡಿಕೆಗೆ ಉಜ್ಜಿ ಉಜ್ಜಿ ಅದು ಮೊದಲು ಸವೆಯುತ್ತದೆ. ಹಳೆಯ ಅಂಗೈ ಬಿಚ್ಚಿ ಹೊಸದು ಕೂರಿಸುವುದೇ ಈ ಕಸುಬಿನ ಅನ್ನ. ಇಲ್ಲಿ ಒಂದು ಮಾತು ನೆನಪಿಡಿ. ಬಟ್ಟೆಯಲ್ಲಿ ಸೂಜಿ ಎಲ್ಲಿ ಚುಚ್ಚಿದರೂ ನೂಲು ಪಕ್ಕಕ್ಕೆ ಸರಿದು ಜಾಗ ಬಿಡುತ್ತದೆ. ತೊಗಲು ಹಾಗಲ್ಲ, ಚುಚ್ಚಿದ ಗಾಯ ಹಾಗೇ ಉಳಿಯುತ್ತದೆ. ಆದ್ದರಿಂದ ಉಳಿಸಿಕೊಂಡ ಹಳೆಯ ಭಾಗದಲ್ಲಿ ಸೂಜಿ ಹಳೆಯ ತೂತಿನಲ್ಲೇ ಹೋಗಬೇಕು. ಅವಸರಕ್ಕೆ ಪಕ್ಕದಲ್ಲಿ ಹೊಸ ತೂತು ಹಾಕುತ್ತಾ ಹೋದರೆ ಅಂಚು ಹರಿದ ಕ್ಯಾಲೆಂಡರಿನ ಹಾಳೆಯ ಹಾಗೆ ಕಿತ್ತು ಬರುತ್ತದೆ. ಮಿಷಿನ್ ಇದಕ್ಕೆ ಆಗದು. ಕೈಹೊಲಿಗೆಯೇ ಗತಿ.

ನಮ್ಮ ಜನ ನೂಲಿನವರು. ಮಡಿ, ಜನಿವಾರ ಎಲ್ಲ ಉಂಟು. ತೊಗಲು ಮನೆಯೊಳಗೆ ಬರಬಾರದು, ಚಪ್ಪಲಿ ಜಗಲಿಯ ಕೆಳಗೇ ಬಿಡಬೇಕು. ನಮ್ಮ ಕುಲದೇವತೆ ಚೌಡಮ್ಮ, ನಮಗೆ ಅವಳೇ ಅಮ್ಮ. ಅವಳ ಹಬ್ಬದಲ್ಲಿ ಒಂದೊಂದು ಮನೆಯ ಗಂಡಸು ಬರಿಮೈಯಲ್ಲಿ ನಿಂತು, ಅಮ್ಮನನ್ನು ಕೂಗಿ ಕರೆಯುತ್ತಾ, ಎದೆಗೂ ತೋಳಿಗೂ ಕತ್ತಿಯಿಂದ ಹೊಡೆದುಕೊಳ್ಳುತ್ತಾನೆ. ರಕ್ತ ಬಂದ ಕಡೆ ಭಂಡಾರದ ಅರಿಶಿನ ಎರಚುತ್ತಾರೆ. ಮಕ್ಕಳ ರಕ್ತ ಕಂಡು ಅಮ್ಮ ತಡೆಯಲಾರದೆ ಎದ್ದು ಬರುತ್ತಾಳೆ ಎನ್ನುವುದು ನಂಬಿಕೆ. ಹೆಂಗಸರು ಹಿಟ್ಟಿನ ದೀಪ ತಲೆಯ ಮೇಲೆ ಹೊತ್ತು ಹಿಂದೆ ನಡೆಯುತ್ತಾರೆ. ನಮ್ಮ ಮನೆಯ ಕತ್ತಿ ಮಾವನ ನಂತರ ನಮ್ಮವರಿಗೆ ಬಂದಿತ್ತು. ದೀಪ ನನಗೆ. ಮದುವೆಯಾಗಿ ಬಂದ ವರ್ಷ ಆ ದೀಪ ಹೊತ್ತು ನಡೆದಾಗ ನಾನು ಈ ಬೀದಿಯವಳಾದೆ ಅನ್ನಿಸಿತ್ತು.

ತೊಗಲಿನ ಸುದ್ದಿ ಬೀದಿಯ ಯಜಮಾನರ ಕಿವಿಗೆ ಬಿತ್ತು. ಬೀದಿಯ ನ್ಯಾಯ, ಹಬ್ಬದ ಲೆಕ್ಕಾಚಾರ ಎಲ್ಲ ಅವರ ಕೈಯಲ್ಲಿ. ಕೆಟ್ಟ ಮನುಷ್ಯ ಅಲ್ಲ. ನಮ್ಮ ಮಗನ ಶಾಲೆಗೆ ಸೀಟು ಕೊಡಿಸಿದ್ದು ಅವರೇ. ಹಬ್ಬಕ್ಕೆ ಮುಂಚೆ ನಮ್ಮನ್ನು ಗುಡಿಯ ಮುಂದೆ ಕರೆಸಿದರು.

"ಸರೋಜಾ, ಮನೆಯೊಳಗೆ ತೊಗಲು ಕೊಯ್ತೀಯಂತೆ."

"ಹೊಟ್ಟೆಪಾಡುಂಗ ಯಜಮಾನ್ರೇ. ಗ್ಲೌಸು. ಮಕ್ಕಳು ಕೈಗೆ ಹಾಕೋದು."

"ಕೈಗೋ ಕಾಲಿಗೋ, ತೊಗಲು ತೊಗಲೇ. ಕತ್ತಿ ಇರೋ ಮನೆ ಅದು. ಒಂದು ಅದು ಇರಲಿ, ಇಲ್ಲ ಇದು ಇರಲಿ."

ಅವರ ಕೈಗಡಿಯಾರದ ಪಟ್ಟಿ ತೊಗಲಿನದು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ, ನಮ್ಮವರು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರಲ್ಲ ಎಂದು. ಮನೆಗೆ ಬಂದ ಮೇಲೆ ನಮ್ಮವರು "ಬಿಟ್ಟುಬಿಡು ಸರೋಜಾ, ರವಿಕೆ ಹೊಲಿ ಸಾಕು," ಎಂದರು. ರವಿಕೆಯಿಂದ ಉಪ್ಪಿಗಾದರೆ ಸಾರಿಗಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನಾನು ಬಿಡಲಿಲ್ಲ.

ಕೊನೆಗೆ ಹಿರಿಯರೆಲ್ಲ ಸೇರಿ ಒಂದು ದಾರಿ ಕಂಡುಹಿಡಿದರು. ಹಬ್ಬದ ವ್ರತದ ದಿನಗಳಲ್ಲಿ ನಮ್ಮವರು ಮೂರು ಮನೆ ಆಚೆ ಇರುವ ನನ್ನ ಭಾವನ ಮನೆಗೆ ಹೋಗಿ ಅಲ್ಲೇ ಉಂಡು, ಅಲ್ಲೇ ಮಲಗಬೇಕು. ಕತ್ತಿಯೂ ಅಲ್ಲೇ ಇರುತ್ತದೆ. ನನ್ನ ನೆರಳು ಬೀಳಬಾರದು. ದೀಪ ಭಾವನ ಹೆಂಡತಿಗೆ, ನನ್ನ ಓರಗಿತ್ತಿಗೆ, ಹೋಯಿತು. ಎಲ್ಲರಿಗೂ ಸಮಾಧಾನವಾಯಿತು, ನನ್ನನ್ನು ಯಾರೂ ಕೇಳಲಿಲ್ಲ. ಅಂದಿನಿಂದ ಪ್ರತಿ ವರ್ಷ ಹಬ್ಬ ಹತ್ತಿರ ಬಂದರೆ ನಮ್ಮವರು ಒಂದು ಚೀಲಕ್ಕೆ ಎರಡು ಪಂಚೆ ಹಾಕಿಕೊಂಡು, ನನ್ನ ಮುಖ ನೋಡದೆ ಹೊರಡುತ್ತಿದ್ದರು. ನಾನು ಊರಿನ ಮಕ್ಕಳ ಎದೆಗೆಲ್ಲ ಗಾರ್ಡು ಹೊಲಿಯುತ್ತಾ ಕೂತಿರುತ್ತಿದ್ದೆ, ನನ್ನ ಗಂಡ ಬರಿಯ ಎದೆಗೆ ಕತ್ತಿ ಹೊಡೆದುಕೊಂಡು ಬೀದಿಯಲ್ಲಿ ಹೋಗುತ್ತಿದ್ದರು. ಗಾಯಕ್ಕೆ ಭಂಡಾರ ಹಚ್ಚುವುದಕ್ಕೂ ನನಗೆ ಹಕ್ಕಿರಲಿಲ್ಲ.

ತಮಾಷೆ ಏನೆಂದರೆ, ಅದೇ ಬೀದಿಯ ಮನೆಗಳಿಂದ ಗ್ಲೌಸು ಬರುವುದು ನಿಲ್ಲಲಿಲ್ಲ. ಆದರೆ ಯಾರೂ ತಾವೇ ತರುತ್ತಿರಲಿಲ್ಲ. ಹಾಲಿನವನ ಕೈಯಲ್ಲಿ, ಇಸ್ತ್ರಿಯವನ ಕೈಯಲ್ಲಿ, ಹಳೆಯ ಪೇಪರಿನಲ್ಲಿ ಸುತ್ತಿ ಕಳಿಸುತ್ತಿದ್ದರು. ಮುಗಿದ ಮೇಲೆ ಗೇಟಿಗೆ ನೇತುಹಾಕಬೇಕು. ನನ್ನ ಓರಗಿತ್ತಿಯ ಮಗನ ಗ್ಲೌಸೂ ಹೀಗೇ ಬರುತ್ತಿತ್ತು. ಒಮ್ಮೆ ನಾನು ಬೇಕೆಂದೇ ನಾನೇ ತೆಗೆದುಕೊಂಡು ಹೋಗಿ ಅವಳ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಕ್ಕಾ, ನಿಮ್ಮ ಮಗನ ತೊಗಲು," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಆಮೇಲೆ ಒಂದು ವರ್ಷ ಅವಳು ನನ್ನೊಡನೆ ಮಾತು ಬಿಟ್ಟಳು. ನನಗೇನೂ ನಷ್ಟವಾಗಲಿಲ್ಲ.

ಈಗ ಹೆಲ್ಮೆಟ್ಟಿನ ಮಾತು. ಇದನ್ನು ಹುಡುಗಿಯರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹೆಲ್ಮೆಟ್ಟಿನ ಒಳಗಿನ ಸ್ಪಂಜು ಬದಲಿಸಬಹುದು, ಗಲ್ಲದ ಪಟ್ಟಿ ಬದಲಿಸಬಹುದು, ಜಾಲರಿಯ ತಿರುಪು ಬಿಗಿಯಬಹುದು. ಚಿಪ್ಪು ಬಿರುಕು ಬಿಟ್ಟಿದ್ದರೆ ಮುಟ್ಟಬಾರದು. ಅದು ಒಂದು ಸಲ ಒಬ್ಬರ ತಲೆ ಉಳಿಸಿ ತನ್ನ ಕೆಲಸ ಮುಗಿಸಿದೆ. ಬಿರುಕನ್ನು ಪತ್ತೆ ಮಾಡಲು ಮೇಲಿನ ಬಟ್ಟೆಯನ್ನು ಸ್ವಲ್ಪ ಬಿಡಿಸಿ, ಒಳಗಿನಿಂದ ದೀಪ ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಟಿಕ್ ಎಂದರೆ ಮುಗಿಯಿತು.

ಒಬ್ಬ ದೊಡ್ಡ ಮಿಲ್ಲಿನ ಕೋಚು ಮುರುಗೇಶಣ್ಣನ ಜೊತೆ ನಮ್ಮ ಮನೆಗೇ ಬಂದಿದ್ದ. ಟೀಮಿನ ಹೆಲ್ಮೆಟ್ಟು, ಕಿವಿಯ ಮೇಲೆ ಚೆಂಡು ಬಿದ್ದದ್ದು. ಹೊಸ ಬಟ್ಟೆ ಹೊದಿಸಿ ಕೊಟ್ಟರೆ ಸಾಕು ಎಂದ. ಒತ್ತಿ ನೋಡಿದೆ, ಟಿಕ್ ಎಂದಿತು.

"ಇದು ಆಗಲ್ಲಂಗ."

"ನಿಮ್ಮ ಕೆಲಸ ಬಟ್ಟೆ ಹೊಲಿಯೋದು," ಎಂದ ಕೋಚು ತಮಿಳಿನಲ್ಲಿ. "ಮಿಕ್ಕದ್ದು ನಮಗೆ ಬಿಡಿ."

ಮುರುಗೇಶಣ್ಣ ನನಗೆ ಕಣ್ಣಲ್ಲೇ ಸನ್ನೆ ಮಾಡಿದ. ಆ ಮಿಲ್ಲಿನ ಕೆಲಸ ಎಂದರೆ ಅವನಿಗೆ ಅರ್ಧ ವರ್ಷದ ವ್ಯಾಪಾರ. ನಾನು ಹೊಲಿಯದೆ ವಾಪಸು ಕೊಟ್ಟರೆ ಅವರು ಬೇರೆ ಯಾರ ಹತ್ತಿರವೋ ಹೊಲಿಸುತ್ತಾರೆ, ಯಾರ ತಲೆಗೋ ಹಾಕುತ್ತಾರೆ. ಕತ್ತರಿ ತೆಗೆದುಕೊಂಡು ಗಲ್ಲದ ಪಟ್ಟಿಯನ್ನು ಬುಡದಲ್ಲೇ ಕತ್ತರಿಸಿದೆ. ಆಮೇಲೆ ಹೆಲ್ಮೆಟ್ಟನ್ನು ಒಗೆಯುವ ಕಲ್ಲಿಗೆ ಎತ್ತಿ ಹಾಕಿದೆ. ಎರಡು ಹೋಳಾಯಿತು. ಕೋಚು ನನ್ನನ್ನು ಏನೇನು ಬೈದನೋ ಅದನ್ನು ಸೊಸೆ ಬರೆಯುವುದಿಲ್ಲ. ಮುರುಗೇಶಣ್ಣ ಆ ಹೆಲ್ಮೆಟ್ಟಿನ ಬೆಲೆ ನನ್ನ ಕೂಲಿಯಲ್ಲಿ ಹಿಡಿದುಕೊಂಡ. ಮಿಲ್ಲಿನ ಕೆಲಸ ಮತ್ತೆ ಬರಲಿಲ್ಲ. ಒಳ್ಳೆಯದು ಮಾಡಿದೆ ಎಂದು ಯಾರೂ ಬೆನ್ನು ತಟ್ಟಲಿಲ್ಲ, ತಟ್ಟುತ್ತಾರೆ ಎಂದು ನೀವೂ ಕಾಯಬೇಡಿ. ತಲೆ ಒಡೆಯದೆ ಉಳಿದವನಿಗೆ ತನ್ನ ತಲೆ ಉಳಿದದ್ದೇ ಗೊತ್ತಿರುವುದಿಲ್ಲ.

ಕೆಲಸದ ರೀತಿ ನನ್ನ ಕಣ್ಣೆದುರಿಗೇ ಬದಲಾಯಿತು. ಬೆತ್ತ ಹೋಗಿ ಫೋಮು ಬಂತು. ಬೂರುಗದ ಹತ್ತಿಯನ್ನು ಕೋಲಿನಲ್ಲಿ ಬಡಿದು ಸಡಿಲ ಮಾಡುವುದು ತಪ್ಪಿತು. ತೊಗಲಿನ ಪಟ್ಟಿ, ಬಕಲ್ಲು ಹೋಗಿ ಚರ್ ಎಂದು ಅಂಟುವ ಪಟ್ಟಿ ಬಂತು. ಮೇಣ ಹಚ್ಚಿದ ನೂಲು ಹೋಗಿ ನೈಲಾನ್ ಬಂತು. ನಮ್ಮವರು ಪವರ್‌ಲೂಮಿನಿಂದ ಬಂದ ಮೇಲೆ ಸಂಜೆ ನೂಲಿಗೆ ಮೇಣ ಉಜ್ಜಿ ಉಂಡೆ ಮಾಡಿಡುತ್ತಿದ್ದರು. ತೊಗಲು ಮುಟ್ಟುತ್ತಿರಲಿಲ್ಲ, ನೂಲು ಮಾತ್ರ. ನೈಲಾನ್ ಬಂದಾಗ "ಇನ್ನು ನನಗೆ ಇಲ್ಲಿ ವೇಲೆ ಇಲ್ಲ, ಕೆಲಸ ಮುಗೀತು," ಎಂದು ನಕ್ಕರು. ಅವರ ಕೆಮ್ಮು ಅಷ್ಟು ಹೊತ್ತಿಗೆ ಬಲವಾಗಿತ್ತು. ಪವರ್‌ಲೂಮಿನ ಧೂಳು ಒಳಗೆ ಕೂತಿತ್ತು.

ಆ ಬೇನೆಯಲ್ಲೇ ಒಂದು ಹಬ್ಬ ಬಂತು. ಈ ಸಲ ಬೇಡ ಎಂದು ಹೇಳಿದೆ. ಅಪ್ಪನ ಕತ್ತಿ ಬೇರೆಯವರ ಕೈಗೆ ಹೋದರೆ ಮತ್ತೆ ಬರುವುದಿಲ್ಲ ಎಂದು ಪಂಚೆಯ ಚೀಲ ತೆಗೆದುಕೊಂಡು ಭಾವನ ಮನೆಗೆ ಹೋದರು. ವ್ರತದ ನಡುವೆ ಜ್ವರ ಏರಿತು. ನಾನು ಗಂಜಿ ಮಾಡಿಕೊಂಡು ಓಡಿದೆ. ಓರಗಿತ್ತಿ ಬಾಗಿಲಲ್ಲೇ ಪಾತ್ರೆ ಇಳಿಸಿಕೊಂಡು ಅಲ್ಲೇ ಮೂಲೆಯಲ್ಲಿಟ್ಟಳು. ಒಳಗೆ ಹೋಗಲಿಲ್ಲ ಆ ಪಾತ್ರೆ. ಜಗಲಿಯ ಕಿಟಕಿಯಿಂದ ಅವರನ್ನು ನೋಡಿದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು.

"ಏನುಂಗ, ನಾನು ಬಂದಿದೀನಿ," ಎಂದೆ.

ಹೊರಳಿದರು. "ಸರೋಜಾ, ಮನೆಗೆ ಕರ್ಕೊಂಡು ಹೋಗು," ಎಂದರು.

ನಾನು ಆಟೋ ತಂದೆ. ಯಜಮಾನರು ಬಂದರು. ಕತ್ತಿ ಹಿಡಿದು ಕೈಗೆ ವ್ರತದ ಕಾಪುದಾರ ಕಟ್ಟಿಸಿಕೊಂಡವನು ಆ ಮನೆಗೆ ಹೋದರೆ ಬೀದಿಗೇ ಕೇಡು, ಹಬ್ಬ ಮುಗಿಯಲಿ, ನಾಳೆ ಡಾಕ್ಟರನ್ನು ಇಲ್ಲಿಗೇ ಕರೆಸೋಣ ಎಂದರು. ಮೃದುವಾಗಿಯೇ ಹೇಳಿದರು. ನಾನು ಕೂಗಾಡಿದೆ. ಭಾವ ನನ್ನ ಮುಂದೆ ಕೈಮುಗಿದು ಅತ್ತ. ಕೈಮುಗಿದರೂ ಬಾಗಿಲು ಬಿಡಲಿಲ್ಲ. ಆಟೋದವನು ಕಾದು ಕಾದು ಹೊರಟುಹೋದ. ಮರುದಿನ ಬೆಳಗ್ಗೆ ಡಾಕ್ಟರು ಬರುವ ಮುಂಚೆಯೇ ನಮ್ಮವರು ಹೋಗಿಬಿಟ್ಟರು. ಹೆಣವನ್ನೂ ಆ ಮನೆಯಿಂದಲೇ ಎತ್ತಿದರು. ನಮ್ಮ ಮನೆಯ ಮುಂದೆ ಹಾದು ಹೋಗುವಾಗಲೂ ಇಳಿಸಲಿಲ್ಲ. ಕತ್ತಿ ನನ್ನ ಮಗನಿಗೆ ಬರಲಿಲ್ಲ, ಓರಗಿತ್ತಿಯ ಮಗನಿಗೆ ಹೋಯಿತು.

ಅಮ್ಮನ ಮೇಲೆ ನನಗೆ ಕೋಪ ಇಲ್ಲ. ಅವಳನ್ನು ಕರೆಯುವ ಉರುಮಿ ವಾದ್ಯದ ಮುಖ ತೊಗಲಿನದು, ಆ ತೊಗಲಿನ ಸದ್ದು ಕೇಳಿಯೇ ಅವಳು ಎದ್ದು ಬರುತ್ತಾಳೆ. ಅವಳಿಗೆ ಇಲ್ಲದ ಮಡಿ ಇವರಿಗೆ. ಕೋಪ ಇರುವುದು ಇವರ ಮೇಲೆ, ಅದು ಆರಿಲ್ಲ, ಆರಿಸಿಕೊಳ್ಳುವ ಆಸೆಯೂ ನನಗಿಲ್ಲ. ಕರ್ಮ ಮುಗಿದ ಮೇಲೆ ತೊಗಲಿನ ಹಾಳೆಗಳನ್ನು ಅದುವರೆಗೆ ಇಟ್ಟಿದ್ದ ಹಿತ್ತಲ ಶೆಡ್ಡಿನಿಂದ ತಂದು ನಡುಮನೆಯಲ್ಲಿ, ಅವರು ನೇಯುತ್ತಿದ್ದ ಮಗ್ಗದ ಗುಣಿಯ ಪಕ್ಕ ಇಟ್ಟೆ. ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಹೊಲಿದೆ. ಆದರೂ ಒಂದು ಮಾತು ಮುಚ್ಚಿಡದೆ ಹೇಳಬೇಕು. ಹಬ್ಬ ಬಂದಾಗ ಓರಗಿತ್ತಿ ದೀಪ ಹೊತ್ತು ಹೋಗುವುದನ್ನು ಬೀದಿಯ ತಿರುವಿನವರೆಗೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಆ ದೀಪ ನನ್ನದು. ಒಂದೇ ಒಂದು ಸಲ ಯಾರಾದರೂ ಕರೆದು, ಬಾ ಸರೋಜಾ, ನೀನೂ ನಮ್ಮವಳೇ ಎಂದು ಹೇಳಲಿ ಅನ್ನಿಸುತ್ತಿತ್ತು.

ಆಮೇಲೆ ಹೆಣ್ಣುಮಕ್ಕಳು ಆಟಕ್ಕೆ ಬರತೊಡಗಿದರು. ಅವರಿಗೆಂದು ಮಾಡಿದ ಸಾಮಾನು ಅಂಗಡಿಗಳಲ್ಲಿ ಇರಲಿಲ್ಲ. ಅಣ್ಣಂದಿರ ಪ್ಯಾಡು ಕಟ್ಟಿಕೊಂಡರೆ ತೊಡೆಗೆ ಬಡಿಯುತ್ತಿತ್ತು, ಗಂಡಸರ ಎದೆಯ ಗಾರ್ಡು ಒತ್ತಿ ಉಸಿರು ಕಟ್ಟುತ್ತಿತ್ತು. ದೂರದ ಮಡತ್ತುಕುಳಂನಿಂದೆಲ್ಲ ತಾಯಂದಿರು ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಎಲ್ಲಿ ನೋಯುತ್ತದೆ ಎಂದು ಆ ಮಕ್ಕಳು ಗಂಡಸು ಕೋಚಿನ ಹತ್ತಿರ ಹೇಳುವುದಿಲ್ಲ, ನಿಮ್ಮ ಹತ್ತಿರವೂ ತಾವಾಗಿ ಹೇಳುವುದಿಲ್ಲ. ಬಾಗಿಲು ಹಾಕಿಕೊಂಡು, ಗಾರ್ಡು ಕಟ್ಟಿ, ಬಗ್ಗು, ಓಡು, ಕೂರು ಎಂದು ಹೇಳಿ ಮುಖ ನೋಡುತ್ತಿರಬೇಕು. ಮುಖ ಕಿವುಚಿದ ಕಡೆ ಚಾಕ್ ಗುರುತು ಹಾಕಬೇಕು. ಈ ಕೆಲಸ ನನಗೆ ಇಷ್ಟವಾಯಿತು. ಇಡೀ ಕಸುಬಿನಲ್ಲಿ ಮನಸ್ಸಿಗೆ ಹಿತ ಕೊಟ್ಟಿದ್ದು ಇದೊಂದೇ.

ಹಾಗೆ ಬಂದವಳು ಕನಿಷ್ಕಾ. ಯಜಮಾನರ ಮೊಮ್ಮಗಳು. ವಿಕೆಟ್ ಕೀಪರ್. ಹಾಲಿನವನ ಕೈಯಲ್ಲಿ ಕಳಿಸದೆ ತಾನೇ ಸೈಕಲಿನಲ್ಲಿ ಬಂದು, ಹೊಸಿಲು ದಾಟಿ, ನಡುಮನೆಯಲ್ಲಿ ನನ್ನ ಪಕ್ಕ ಕೂತು, "ಪಾಟಿ, ಕುಡಿಯಕ್ಕೆ ತಣ್ಣೀರು ಕೊಡಿ," ಎಂದು ಸ್ವಂತ ಅಜ್ಜಿಯನ್ನು ಕೇಳುವ ಹಾಗೆ ಕೇಳಿದಳು. ಆ ಮನೆಯವರು ನನ್ನ ಕೈಯ ನೀರು ಕುಡಿದು ಎಷ್ಟು ವರ್ಷವಾಗಿತ್ತೋ. ಲೋಟ ಕೊಟ್ಟೆ, ಒಂದೇ ಉಸಿರಿಗೆ ಕುಡಿದಳು.

ಹೆಬ್ಬೆರಳು ಊದಿಕೊಂಡಿತ್ತು. ಗ್ಲೌಸು ದೊಡ್ಡದು, ಚೆಂಡು ಬಿದ್ದಾಗ ಬೆರಳು ಒಳಗೆ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಇನ್ನೂ ಹೀಗೇ ಆಡಿದರೆ ಬೆರಳು ಹೋಗುತ್ತದೆ ಎಂದೆ. ರಾಜ್ಯದ ತಂಡಕ್ಕೆ ಆಯ್ಕೆ ನಡೆಯುವುದಿತ್ತಂತೆ, ಆಗ. ಗ್ಲೌಸನ್ನು ಪೂರ್ತಿ ಬಿಚ್ಚಿದೆ. ಬೆರಳಿನ ಕೊಳವೆಗಳನ್ನು ಚಿಕ್ಕದು ಮಾಡಿದೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಲವನ್ನು ತಗ್ಗಿಸಿದೆ, ಒಳಗೆ ಹಾಕಿಕೊಳ್ಳುವ ತೆಳು ಗ್ಲೌಸನ್ನು ಮೆದುವಾದ ಕುರಿತೊಗಲಿನಲ್ಲಿ ಹೊಸದಾಗಿ ಹೊಲಿದೆ. ಆ ಹೊತ್ತಿಗೆ ಅಂಗಡಿಗಳಲ್ಲಿ ಎಲ್ಲವೂ ಸಿಂಥೆಟಿಕ್. ಹಿಡಿಯುವ ಕೈಗೆ ಅದು ಜಾರುತ್ತದೆ, ಬೆವರು ಹೀರುವುದಿಲ್ಲ. ನನ್ನ ಹತ್ತಿರ ಕೊನೆಯದಾಗಿ ಉಳಿದಿದ್ದ ಒಳ್ಳೆಯ ತೊಗಲನ್ನು ಅವಳ ಬೆರಳಿಗೆ ಹಾಕಿದೆ. ನನ್ನ ಬೆರಳು ಅಷ್ಟರಲ್ಲೇ ಸೆಟೆದುಕೊಳ್ಳುತ್ತಿದ್ದವು, ಒಂದೊಂದು ಹೊಲಿಗೆಗೂ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಹೊಲಿದೆ.

ಅವಳು ಆಯ್ಕೆಯಾದಳು. ಊತ ಇಳಿದಿತ್ತು. ಆ ಗ್ಲೌಸನ್ನು ಪೂಜೆಯ ಕೋಣೆಯಲ್ಲಿ ಅಮ್ಮನ ಪಟದ ಕೆಳಗೆ ಇಟ್ಟು, ಭಂಡಾರ ಹಚ್ಚಿ, ಆಟಕ್ಕೆ ಹೊರಡುವುದು ಅವಳ ಅಭ್ಯಾಸವಾಯಿತಂತೆ. ಅದನ್ನು ಅವಳೇ ಹೇಳಿದಳು.

ಹಬ್ಬಕ್ಕೆ ಮುಂಚೆ ಒಂದು ಸಂಜೆ ಅವಳು ಸಡಿಲವಾದ ಒಂದು ಹೊಲಿಗೆ ಹಾಕಿಸಿಕೊಳ್ಳಲು ಬಂದಳು. ಹೊಲಿದು ಅವಳ ಕೈಗೆ ಹಾಕಿ ನೋಡುತ್ತಿದ್ದಾಗ ಕಾರಿನಲ್ಲಿ ಯಜಮಾನರು ಬಂದರು. ಮುದುಕರಾಗಿದ್ದರು, ಕೋಲು ಹಿಡಿದಿದ್ದರು. ಗೇಟಿನ ಹೊರಗೇ ನಿಂತರು. ನಾನು ಎದ್ದು ಹೋದೆ, ಹುಡುಗಿ ಗ್ಲೌಸು ಹಾಕಿಕೊಂಡೇ ನನ್ನ ಪಕ್ಕ ಬಂದು ನಿಂತಳು.

"ಸರೋಜಾ, ಈ ಗ್ಲೌಸು ನಮ್ಮ ಪೂಜೆ ಕೋಣೆಯಲ್ಲಿ ಇರುತ್ತೆ," ಎಂದರು. "ಮನೇಲಿ ಏನೇನೋ ಮಾತು ಬರ್ತಿದೆ. ನಿಜ ಹೇಳು. ತೊಗಲಾ?"

ಹುಡುಗಿ ನನ್ನ ಕಡೆ ನೋಡಿದಳು. ತೊಗಲು ಎಂದರೆ ಅದು ಇವತ್ತೇ ತಿಪ್ಪೆಗೆ ಹೋಗುತ್ತದೆ, ಅದರ ಹಿಂದೆ ಆಟವೂ ಹೋಗಬಹುದು. ಹೌದು ಎನ್ನಲು ನನ್ನ ನಾಲಿಗೆ ತುದಿಯಲ್ಲಿ ಮಾತು ಕುಣಿಯಿತು. ಇಷ್ಟು ದಿನ ನಿಮ್ಮ ಅಮ್ಮನ ಪಾದದ ಕೆಳಗೆ ನನ್ನ ತೊಗಲು ಇತ್ತು, ಏನು ಕೇಡಾಯಿತು, ಹೇಳಿ ಯಜಮಾನ್ರೇ ಎಂದು ಕೇಳಬೇಕಿತ್ತು. ಎಷ್ಟು ವರ್ಷ ಕಾದಿದ್ದೆ ಹೀಗೊಂದು ಗಳಿಗೆಗೆ.

"ಇಲ್ಲಂಗ," ಎಂದೆ. "ಈಗೆಲ್ಲ ಸಿಂಥೆಟಿಕ್. ತೊಗಲು ಎಲ್ಲಿ ಬರುತ್ತೆ ಈಗ."

ಅವರ ಮುಖ ಸಡಿಲವಾಯಿತು. "ಅಪ್ಪಡಿಯಾ. ಅದೇ ನಾನೂ ಹೇಳ್ದೆ ಮನೇಲಿ." ಕೋಲನ್ನು ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ, "ಹಂಗಾದ್ರೆ ನಿನ್ನ ಮನೆಗೂ ಈಗ ತಡೆ ಏನಿಲ್ಲ. ಹಳೇದು ಹೋಗಲಿ ಅಮ್ಮಣಿ. ಈ ಸಲ ದೀಪ ತಗೊಂಡು ಬಾ. ನಾನೇ ಹೇಳಿದೆ ಅಂತ ಹೇಳು. ನೀನೂ ನಮ್ಮವಳೇ," ಎಂದರು.

ಆ ಮಾತು. ಅಕ್ಷರ ಅಕ್ಷರ ಅದೇ ಮಾತು. ಗೇಟಿನ ಆಚೆಯಿಂದ, ನನ್ನ ಸುಳ್ಳಿಗೆ ಬದಲಾಗಿ ಬಂತು. ನಮ್ಮವರನ್ನು ಇದೇ ಗೇಟಿನ ಮುಂದೆ ಹೊತ್ತು ಹಾಯ್ದು ಹೋದದ್ದು ಕಣ್ಣಿಗೆ ಕಟ್ಟಿತು. ಇವರಿಗೆ ಅದು ನೆನಪಾಗಲೂ ಇಲ್ಲ.

"ಕಾಲು ನೋವುಂಗ," ಎಂದೆ. "ನಡೆಯಕ್ಕೆ ಆಗಲ್ಲ."

"ಸರಿ, ನಿನ್ನಿಷ್ಟ," ಎಂದು ಕಾರಿನ ಕಡೆ ತಿರುಗಿದರು.

ಹುಡುಗಿ ಗ್ಲೌಸು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ತಾತ ಕಾರಿನೊಳಗೆ ಕೂರುವವರೆಗೆ ಕಾದು, ನನ್ನ ಕಿವಿಯ ಹತ್ತಿರ ಬಾಗಿದಳು.

"ಪಾಟಿ, ಇದು ತೊಗಲೇ ತಾನೇ?"

"ಆಮಾ ಕಣ್ಣು, ತೊಗಲೇ," ಎಂದೆ. "ಒದ್ದೆಯಾದ್ರೆ ಬಿಸಿಲಲ್ಲಿ ಹಾಕಬೇಡ, ಬಿರಿಯುತ್ತೆ. ನೆರಳಲ್ಲೇ ಒಣಗಿಸು."

ತಲೆಯಾಡಿಸಿ ಹೋದಳು. ಆ ಹೊಲಿಗೆಯೇ ನಾನು ಹಾಕಿದ ಕೊನೆಯ ಹೊಲಿಗೆ. ಹಬ್ಬದ ದಿನ ಉರುಮಿ ನಮ್ಮ ಬೀದಿಗೆ ಬಂದಾಗ ನಾನು ಕಿಟಕಿ ಹಾಕಿಕೊಂಡು, ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ.